ಅವ್ವೆಯ ಪಿಕಪ್ ಸ್ಟಾರ್ಟ್ ಆಗದ ಬೆಳಗು

ಆಗಿನ್ನೂ ನಮ್ಮ ಹಟ್ಟಿಯ ಕ್ಯಾರೆಟ್ ತೊಳೆಯಲು ಯಂತ್ರ ಬಂದಿರಲಿಲ್ಲ, ಮಕ್ಕಳಾದ ನಾವೇ ತೊಳೆಯುತ್ತಿದ್ದೆವು. ಹಳ್ಳದ ಪಕ್ಕದ ಹೊಂಡಕ್ಕೆ ನೀರು ಬಿಟ್ಟು, ಕ್ಯಾರೆಟ್ ಸುರಿದು, ಲಂಗ ಎತ್ತಿ ಕಟ್ಟಿಕೊಂಡು ತುಳಿಯುವುದು. ಒಬ್ಬರ ಹೆಗಲನ್ನು ಒಬ್ಬರು ಹಿಡಿದುಕೊಂಡು ತುಳಿಯುತ್ತ, ಒಬ್ಬಳು ಜಾರಿದರೆ ಎಲ್ಲರೂ ಬೀಳುತ್ತಿದ್ದೆವು. ಕಾಲು ಮರಗಟ್ಟಿದ ಮೇಲೆ ಮನೆಗೆ ಓಡಿ, ಒಲೆಯ ಮುಂದೆ ಕೂತು ಬಿಸಿ ರಾಗಿ ಹಿಟ್ಟಿನ ಮುದ್ದೆಗೆ ಅವರೆಕಾಳಿನ ಸಾರಾದ ಉದಕ ಹಾಕಿಕೊಂಡು ತಿನ್ನುತ್ತಿದ್ದೆವು. ಬೆಟ್ಟದ ಮೇಲಿನ ನಮ್ಮ ನಂಜನಾಡಿನ ಕಡೆ ನನ್ನ ಜೊತೆ ಬೆಳೆದವರು ಸಿಕ್ಕಾಗಲೆಲ್ಲ ಇದನ್ನು ಹೇಳಿಕೊಂಡು ನಗುತ್ತಾರೆ, ಎಂಥ ಕಾಲ ಅದು ಅನ್ನುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಆ ಜನವರಿಯ ಒಂದು ಬೆಳಗು ನೆನಪಾಗಿ ಮೈಯೆಲ್ಲ ಉರಿಯುತ್ತದೆ.

ನಮ್ಮದೊಂದು ಹಳೆಯ ಡೀಸೆಲ್ ಪಿಕಪ್ ಇತ್ತು. ಅಪ್ಪ ಅದರಲ್ಲಿ ಹಟ್ಟಿಯ ತರಕಾರಿಯನ್ನು ಘಾಟಿಯ ಕೆಳಗಿನ ಮೆಟ್ಟುಪಾಳ್ಯದ ಮಂಡಿಗೆ ಇಳಿಸುತ್ತಿದ್ದರು. ಒಂದು ಮಳೆಗಾಲ ನೀಲಗಿರಿ ಮರ ಕಡಿಯುವಾಗ ಕೊಂಬೆ ಬಿದ್ದು ಅಪ್ಪನ ಸೊಂಟ ಮುರಿಯಿತು. ಕೋಲು ಹಿಡಿದು ಓಡಾಡುವಷ್ಟು ಸುಧಾರಿಸಿದರೂ ಕ್ಲಚ್ ಒತ್ತಲು ಎಡಗಾಲಿಗೆ ಶಕ್ತಿ ಬರಲಿಲ್ಲ. ಆಗ ಅವ್ವೆಗೆ ಗಾಡಿ ಕಲಿಸಿದ್ದು ಅಪ್ಪನೇ. ಮೇಲಿನ ಆಟದ ಬಯಲಿನಲ್ಲಿ ಪಕ್ಕದಲ್ಲಿ ಕೂತು, "ನಿಧಾನ, ನಿಧಾನ, ಅದು ಎಮ್ಮೆ ಅಲ್ಲ" ಎಂದು ನಗುತ್ತ ಕಲಿಸಿದರು. ಎಂಜಿನ್ ಬಿಚ್ಚಿ ಒಂದೊಂದು ಭಾಗವನ್ನೂ ತೋರಿಸಿದರು. ಲೈಸೆನ್ಸ್ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆವು.

ಅವ್ವೆ ಓಡಿಸತೊಡಗಿದಳು. ಶಾಲೆಗೆ ರಜೆ ಇದ್ದಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ಮನೆಯಲ್ಲಿ ತುಟಿ ಬಿಚ್ಚದ ಹೆಂಗಸು ಘಾಟಿಯ ತಿರುವುಗಳಲ್ಲಿ ದೊಡ್ಡ ದನಿಯಲ್ಲಿ ಹಾಡುತ್ತಿದ್ದಳು. ಎದುರಿನ ಲಾರಿಯವರು ಇಣುಕಿ ನೋಡಿದರೆ ಹಾರ್ನ್ ಒತ್ತಿ ನಗುತ್ತಿದ್ದಳು. ನಮ್ಮ ಅವ್ವೆಗೆ ಅಂಥ ನಗು ಇದೆ ಎಂದು ನನಗೆ ಗೊತ್ತಾಗಿದ್ದೇ ಆ ಗಾಡಿಯಲ್ಲಿ.

ಹಟ್ಟಿಯ ಗಂಡಸರಿಗೆ ಇದು ಹಿಡಿಸಲಿಲ್ಲ. ಒಂದು ಸಾವಿನ ಮನೆಯಲ್ಲಿ, ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದಾಗ, ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಎಲ್ಲರಿಗೂ ಕೇಳುವಂತೆ ಅಂದರು: "ಏನು ತಮ್ಮಾ, ಡ್ರೈವರಮ್ಮ ನಿಂಗೆ ಮುಂದಿನ ಸೀಟು ಕೊಡ್ತಾಳಾ, ಇಲ್ಲಾ ಮೂಟೆ ಜೊತೆ ಹಿಂದೆ ಕೂರಿಸ್ತಾಳಾ?" ಸಾಲಿಡೀ ನಕ್ಕಿತು. ಅಪ್ಪ ಅರ್ಧ ಊಟಕ್ಕೇ ಎದ್ದರು. ಅಂದಿನಿಂದ ಮನೆಯಲ್ಲಿ ಗಾಡಿಯ ಮಾತು ಬಂದರೆ ಮುಖ ತಿರುಗಿಸುತ್ತಿದ್ದರು.

ಆ ಬೆಳಗು ಹುಲ್ಲಿನ ಮೇಲೆಲ್ಲ ಹಿಮ ಕೂತು ಉಪ್ಪು ಚೆಲ್ಲಿದಂತಿತ್ತು. ಹಿಂದಿನ ಸಂಜೆಯೇ ಮೂಟೆ ಏರಿಸಿ ಆಗಿತ್ತು. ನಮ್ಮ ಕ್ಯಾರೆಟ್ ಜೊತೆಗೆ ಪಕ್ಕದ ಮನೆಯ ಮಾದಿ ಅಕ್ಕನ ಆ ಸಲದ ಇಡೀ ಬೆಳೆ ಅದರಲ್ಲಿತ್ತು. ಗಂಡ ತೀರಿಹೋಗಿದ್ದ ಆಕೆಗೆ ಬೇರೆ ಆಧಾರ ಇರಲಿಲ್ಲ. ಅವ್ವೆ ಕೀಲಿ ತಿರುಗಿಸಿದಳು. ಎಂಜಿನ್ ಗರಗರ ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದಳು. ಅದೇ ಗರಗರ.

ಅಪ್ಪ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. "ಚಳಿ ಹಿಡ್ದದೆ. ಬಿಸಿ ನೀರು ಹುಯ್ಯಿ" ಎಂದರು. ನಾನು ಒಲೆಯಿಂದ ನೀರು ತಂದೆ. ಅವ್ವೆ ಪಂಪಿನ ಮೇಲೆ, ಪೈಪಿನ ಮೇಲೆ ಹುಯ್ದಳು. ಆಗಲಿಲ್ಲ. "ಬ್ಯಾಟರಿ ನೋಡು" ಎಂದರು. ಬ್ಯಾಟರಿಯ ತಂತಿ ಬಿಚ್ಚಿ, ತಿಕ್ಕಿ, ಮತ್ತೆ ಬಿಗಿದಳು. ಆಗಲಿಲ್ಲ. "ಫಿಲ್ಟರಲ್ಲಿ ಗಾಳಿ ಸೇರಿರ್ಬೇಕು. ಸ್ಕ್ರೂ ಬಿಚ್ಚಿ ಗಾಳಿ ತೆಗಿ" ಎಂದರು. ಅವ್ವೆ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತತೊಡಗಿದಳು. ಗುಳ್ಳೆಯೇ ಇಲ್ಲದೆ ಸ್ವಚ್ಛ ಡೀಸೆಲ್ ಚಿಮ್ಮಿ ಅವಳ ಕೈಮೇಲೆ ಹರಿಯಿತು. ಚಳಿಗೆ ಬಿರಿದ ಬೆರಳುಗಳಿಗೆ ಡೀಸೆಲ್ ತಾಗಿ ಅವಳು ಹಲ್ಲು ಕಚ್ಚಿದ್ದು ನನಗೆ ಕಂಡಿತು.

ಅಷ್ಟರಲ್ಲಿ ಎದುರಿನ ಕಲ್ಲುಗೋಡೆಯ ಮೇಲೆ ಗಂಡಸರು ಬಂದು ಕೂತಿದ್ದರು, ಕೈಯಲ್ಲಿ ಟೀ ಲೋಟ. ದೊಡ್ಡಪ್ಪ ನಡುವೆ. ಗಾಡಿಯತ್ತ ಕೈ ತೋರಿಸಿ, "ವಂಡಿಗೂ ನಾಚಿಕೆ ಆಗ್ತದೆ ಕಣೋ" ಎಂದರು. ಎಲ್ಲ ನಕ್ಕರು. ಬಿಸಿಲು ಏರುತ್ತಿತ್ತು. ಅವ್ವೆ ಯಾರ ಕಡೆಗೂ ನೋಡಲಿಲ್ಲ.

"ಕೂಸೆ, ನೀ ಕೀಲಿ ತಿರುಗ್ಸು. ನಾ ಹಿಂದೆ ನೋಡ್ತೀನಿ" ಎಂದಳು. ನಾನು ತಿರುಗಿಸಿದೆ. ಅವಳು ಹೊಗೆಕೊಳವೆಯ ಹತ್ತಿರ ಬಗ್ಗಿ ನೋಡಿ ಎದ್ದಳು. "ಒಂಚೂರೂ ಹೊಗೆ ಇಲ್ಲ. ಡೀಸೆಲ್ ಒಳಗೇ ಹೋಗ್ತಿಲ್ಲ."

ಜಗಲಿಯಿಂದ ಅಪ್ಪ, "ಹಂಗಾದ್ರೆ ಟ್ಯಾಂಕ್ ಪೈಪೇ ಕಟ್ಟಿರ್ಬೇಕು. ಅದ ಬಿಚ್ಚು" ಎಂದರು.

"ಫಿಲ್ಟರ್ ತನಕ ಡೀಸೆಲ್ ಬರ್ತಿದೆ. ಪೈಪ್ ಯಾಕೆ ಬಿಚ್ಚಲಿ?" ಎಂದಳು ಅವ್ವೆ. ಅವಳು ಪಂಪಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ನಟ್ಟು ಸಡಿಲಿಸಿದಳು. ನಾನು ಮತ್ತೆ ಕೀಲಿ ತಿರುಗಿಸಿದೆ. ಒಂದು ಹನಿಯೂ ಬರಲಿಲ್ಲ. ಪಂಪಿಗೆ ಬಂದ ಡೀಸೆಲ್ ಪಂಪಿನಿಂದ ಹೊರಗೆ ಬರುತ್ತಿಲ್ಲ. ಅವ್ವೆ ಪಂಪಿನ ಹಿಂಬದಿಗೆ ಕೈ ತೂರಿಸಿ ತಡಕಾಡಿದಳು. ಎಂಜಿನ್ ನಿಲ್ಲಿಸುವಾಗ ಎಳೆದುಕೊಂಡು ಡೀಸೆಲ್ ತಡೆಯುವ ಸಣ್ಣದೊಂದು ಹಿಡಿ ಅಲ್ಲಿತ್ತು. ಅದನ್ನು ಯಾರೋ ಕೊನೆಯವರೆಗೂ ಎಳೆದು, ಬೇಲಿಯ ಕಟ್ಟುತಂತಿಯಲ್ಲಿ ಬಿಗಿದು ಕಟ್ಟಿದ್ದರು.

ಅವ್ವೆ ತಂತಿ ಬಿಚ್ಚಿ ಎತ್ತಿ ಹಿಡಿದಳು. ಗೋಡೆಯ ಕಡೆ ತಿರುಗಿದಳು. "ಯಾರು ಕಟ್ಟಿದ್ದು ಇದ?"

ನಾನು ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದೆ. ದೊಡ್ಡಪ್ಪ ಟೀ ಲೋಟ ಕೆಳಗಿಟ್ಟು, "ನನ್ನ ಯಾಕೆ ನೋಡ್ತೀಯಾ? ನಂಗೇನು ಗೊತ್ತು" ಎಂದರು.

"ನಾನೇ ಕಟ್ಟಿದ್ದು" ಎಂದಿತು ಜಗಲಿಯ ದನಿ.

ಅಪ್ಪ ಕೋಲೂರಿ ಎದ್ದು ನಿಂತಿದ್ದರು. "ಎಲ್ಲಿ ಹೋದ್ರೂ ಅದೇ ಮಾತು. ಅವ್ಳು ಓಡಿಸ್ತಾಳೆ, ಇವ ಕೂತು ತಿಂತಾನೆ. ನಾಲ್ಕು ಜನರ ಮುಂದೆ ವಂಡಿ ನಿಂತ್ರೆ ಸಾಕಪ್ಪಾ ಅಂತ ನೀನೇ ಬಿಡ್ತೀಯ ಅಂದ್ಕೊಂಡೆ."

ಅವ್ವೆ ತಂತಿ ಹಿಡಿದೇ ಜಗಲಿಯ ಕಡೆ ತಿರುಗಿದಳು. "ಕಟ್ಟಿದ್ದು ಹಾಳಾಗ್ಲಿ. ಬೆಳಗಿಂದ ಅದ ನೋಡು, ಇದ ಬಿಚ್ಚು ಅಂತ ಹೇಳ್ತಾ ಕೂತಿದ್ರಲ್ಲ, ಅದಕ್ಕೆ ಹೆಂಗೆ ಬಾಯಿ ಬಂತು?"

ಗೋಡೆಯ ಮೇಲಿಂದ ಒಬ್ಬರು ಸಮಾಧಾನದ ದನಿಯಲ್ಲಿ, "ಬಿಡಮ್ಮ, ಗಂಡನ ವಂಡಿ ಗಂಡ ಕಟ್ಟಿದ" ಎಂದರು. ಒಬ್ಬನೇ ಒಬ್ಬ ಗಂಡಸೂ ಅಪ್ಪನಿಗೆ ಅದು ತಪ್ಪು ಅನ್ನಲಿಲ್ಲ. ಅವ್ವೆ ನಟ್ಟು ಬಿಗಿದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಕೀಲಿ ತಿರುಗಿಸಿದಳು. ಒಂದೆರಡು ಸಲ ತಡವರಿಸಿ ಎಂಜಿನ್ ಹತ್ತಿಕೊಂಡಿತು. ಕಪ್ಪು ಹೊಗೆ ಗೋಡೆಯವರೆಗೂ ಹೋಯಿತು. "ಹತ್ತು, ಕೂಸೆ" ಎಂದಳು.

ಅಂದು ಘಾಟಿಯಲ್ಲಿ ಅವಳು ಹಾಡಲಿಲ್ಲ. ಮಂಡಿ ತಲುಪಿದಾಗ ಹರಾಜು ಮುಗಿದು, ಕೊಳ್ಳುವವರು ಎದ್ದುಹೋಗಿದ್ದರು. ಕೆಳಗಿನ ಸೆಕೆಯಲ್ಲಿ ಮೂಟೆಗಳು ಮರುದಿನದವರೆಗೆ ಬಿದ್ದಿದ್ದವು. ನಮ್ಮದರ ಜೊತೆ ಮಾದಿ ಅಕ್ಕನ ಕ್ಯಾರೆಟ್ಟೂ ಬಾಡಿ, ಯಾರೂ ಕೇಳದೆ, ದನಗಳ ಪಾಲಾಯಿತು. ಹಿಂತಿರುಗಿ ಬಂದು ಅವ್ವೆ ಆಕೆಯ ಬಾಗಿಲಲ್ಲಿ ನಿಂತು, "ವಂಡಿ ಕೆಟ್ಟೋಯ್ತು ಅಕ್ಕಾ" ಎಂದಳು. ಅಪ್ಪನ ಹೆಸರು ಎತ್ತಲಿಲ್ಲ. ಆ ಸುಳ್ಳು ಅವಳ ತಲೆಯ ಮೇಲೆಯೇ ಬಂತು. ಹೆಂಗಸಿನ ಕೈಗೆ ವಂಡಿ ಕೊಟ್ಟರೆ ಇಷ್ಟೇ ಎಂದು ಹಟ್ಟಿಯೆಲ್ಲ ಮಾತಾಡಿತು. ಆ ಗೋಡೆಯ ಮೇಲೆ ಕೂತು ತಂತಿಯನ್ನು ಕಣ್ಣಾರೆ ಕಂಡವರೂ ಹಾಗೇ ಮಾತಾಡಿದರು.

ಸ್ವಲ್ಪ ದಿನಕ್ಕೆ, ಅವ್ವೆ ಹೊಲದಲ್ಲಿದ್ದಾಗ, ಅಪ್ಪ ಗಾಡಿಯನ್ನು ಗೂಡಲೂರಿನ ಯಾರಿಗೋ ಮಾರಿಬಿಟ್ಟರು. ಸಂಜೆ ಬಂದ ಅವ್ವೆ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ನೆಲದ ಎಣ್ಣೆ ಕಲೆಯನ್ನು ನೋಡಿದಳು. ಒಳಗೆ ಹೋಗಿ ಹಿಟ್ಟು ಬೇಯಿಸಿದಳು. ಮುಂದೆ ಎಂದೂ ಗಾಡಿ ಓಡಿಸಲಿಲ್ಲ. ಬೇರೆಯವರ ತೋಟಗಳಲ್ಲಿ ಟೀ ಎಲೆ ಕೀಳುತ್ತ ನನ್ನನ್ನು ಓದಿಸಿದಳು.

ಅಪ್ಪ ತೀರಿಕೊಳ್ಳುವ ಮೊದಲು ಒಮ್ಮೆ ಕೇಳಿದ್ದೆ, ಹಾಗೆ ಯಾಕೆ ಮಾಡಿದಿರಿ ಎಂದು. "ಎಷ್ಟು ಹಳೇ ಮಾತು, ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ?" ಎಂದು ನಕ್ಕರು. ಅವರಿಗಾಗಿ ಅತ್ತಿದ್ದೇನೆ. ಆ ನಗುವನ್ನು ಮಾತ್ರ ಕ್ಷಮಿಸಿಲ್ಲ.

ಈಗ ನಮ್ಮ ಹಟ್ಟಿಯ ಹುಡುಗಿಯರು ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಮೊನ್ನೆ ಅವ್ವೆಯನ್ನು ನನ್ನ ಕಾರಿನಲ್ಲಿ ಕೋತಗಿರಿಯ ನೆಂಟರ ಮನೆಗೆ ಕರೆದೊಯ್ಯುತ್ತಿದ್ದೆ. ಕಡಿದಾದ ತಿರುವೊಂದರಲ್ಲಿ, ಪಕ್ಕದ ಸೀಟಿನಲ್ಲಿದ್ದ ಅವಳ ಬಲಗಾಲು ಬ್ರೇಕ್ ಹುಡುಕಿ ನೆಲವನ್ನು ಒತ್ತಿತು. ಗಾಡಿ ಬದಿಗೆ ನಿಲ್ಲಿಸಿ, "ಅವ್ವೆ, ನೀ ಓಡಿಸ್ತೀಯಾ?" ಎಂದು ಕೇಳಿದೆ.

ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಗಂಟುಗಟ್ಟಿದ ಬೆರಳುಗಳು, ಎಲೆ ಕಿತ್ತು ಕಪ್ಪಾದ ಉಗುರುಗಳು.

"ಈಗ ಯಾಕೆ ಕೂಸೆ? ಆಗ ಓಡಿಸ್ಬೇಕಿತ್ತು" ಎಂದಳು.

ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ಬಂದ ಸಿಟ್ಟಿಗೆ, ಗಾಡಿಯನ್ನು ಮತ್ತೆ ರಸ್ತೆಗೆ ತರಲು ಬಹಳ ಹೊತ್ತು ಹಿಡಿಯಿತು.