ಹದಿನೈದು ಜೊತೆ, ಮೂವತ್ತು ಏಟು

ನನ್ನ ಕೈಯಿಂದ ಒಬ್ಬಳ ಕಿವಿ ಹೋಯಿತು. ಆಗ ನನಗೆ ಹದಿನಾಲ್ಕು ವರ್ಷ.

ಸ್ವಾತಂತ್ರ್ಯ ಬಂದ ಹೊಸತು, ಕೊಡಗು ಇನ್ನೂ ಮೈಸೂರಿಗೆ ಸೇರದೆ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ನಾನು ಮೂರ್ನಾಡಿನ ಹೈಸ್ಕೂಲಿಗೆ ದಿನವೂ ಎರಡು ಮೈಲಿ ನಡೆದು ಹೋಗುತ್ತಿದ್ದೆ. ನಮ್ಮದು ಅರೆಭಾಷೆ ಆಡುವ ಗೌಡರ ಮನೆ. ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಜೊತೆಗೆ ನಡೆಯುತ್ತಿದ್ದವಳು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ ಮಗಳು. ಅವಳ ಮನೆಯಲ್ಲಿ ತಮಿಳು, ನನ್ನೊಡನೆ ಕನ್ನಡ. ತರಗತಿಯಲ್ಲಿ ಹುಡುಗಿಯರೆಂದರೆ ನಾವಿಬ್ಬರೇ. ಒಂದೇ ಬೆಂಚು, ಒಂದೇ ಮಸಿಕುಡಿಕೆ.

ಲೆಕ್ಕದ ಮೇಷ್ಟ್ರು ಆ ವರ್ಷವೇ ಬಂದವರು. ಪಾಠ ಚೆನ್ನಾಗಿ ಮಾಡುತ್ತಿದ್ದರು ಎಂದು ಈಗಲೂ ಹೇಳುತ್ತೇನೆ. ಆದರೆ ತಪ್ಪು ಉತ್ತರ ಕೇಳಿದರೆ ಅವರ ಮುಖದಲ್ಲಿ ಏನೋ ಬದಲಾಗುತ್ತಿತ್ತು. ಬೆತ್ತದಿಂದ ಅಂಗೈಗೆ ಹೊಡೆಯುತ್ತಿರಲಿಲ್ಲ, ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಒಬ್ಬನ ಉಗುರು ಕಪ್ಪಾಗಿ ಉದುರಿದ್ದನ್ನು ನಾವೆಲ್ಲ ನೋಡಿದ್ದೆವು. ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ; ಹೇಳಿದರೆ ನೀನೇನು ತಪ್ಪು ಮಾಡಿದೆ ಎಂದು ಇನ್ನೆರಡು ಬೀಳುತ್ತಿದ್ದವು.

ಮಡಿಕೇರಿಯಿಂದ ಇನ್‌ಸ್ಪೆಕ್ಟರು ಬರುವವರಿದ್ದರು. ಅವರು ಬಾಯಿಲೆಕ್ಕ ಕೇಳುತ್ತಾರೆಂದು ಮೇಷ್ಟ್ರು ಒಂದು ವಾರದಿಂದ ನಮ್ಮನ್ನು ಅರೆಯುತ್ತಿದ್ದರು. ಆ ದಿನದ ಲೆಕ್ಕ ಇಷ್ಟೇ: ಒಂದು ಕೋಣೆಯಲ್ಲಿ ಆರು ಮಂದಿ, ಪ್ರತಿಯೊಬ್ಬರೂ ಉಳಿದ ಎಲ್ಲರ ಕೈ ಒಂದು ಸಲ ಕುಲುಕಿದರೆ ಒಟ್ಟು ಎಷ್ಟು ಸಲ ಕೈಕುಲುಕಿದಂತಾಯಿತು? ಒಬ್ಬ ಮೂವತ್ತಾರು ಎಂದ. ಒಬ್ಬ ಹನ್ನೆರಡು ಎಂದ. ನನ್ನ ಗೆಳತಿಯೂ ಸೇರಿ ಇನ್ನು ಮೂವರದೂ ತಪ್ಪಿತು. ನಾನು ಎದ್ದು ನಿಂತು ಮೂವತ್ತು ಎಂದೆ. ಪ್ರತಿಯೊಬ್ಬನಿಗೂ ಐವರು, ಆರೈದಲಿ ಮೂವತ್ತು. ಅವರು ತಲೆಯಾಡಿಸಿದರೂ ನಾನು ಕೂರಲಿಲ್ಲ, ಹೇಗೆ ತಪ್ಪು ಎಂದು ಕೇಳಿದೆ. ಕೇಳಬಾರದಿತ್ತು.

ತಪ್ಪು ಹೇಳಿದ ಆರು ಮಂದಿಯನ್ನು ಮುಂದೆ ಕರೆದು ಸಾಲಾಗಿ ನಿಲ್ಲಿಸಿದರು. ಮೊದಲಿಬ್ಬರು ಹುಡುಗರು, ಮೂರನೆಯವಳು ನಾನು, ನಾಲ್ಕನೆಯವಳು ನನ್ನ ಗೆಳತಿ, ಐದನೆಯವನು ಒಬ್ಬ ಸಣಕಲ, ಕೊನೆಗೆ ತರಗತಿಯಲ್ಲೇ ಎತ್ತರದವನಾದ ಒಬ್ಬ ಕೊಡವರ ಹುಡುಗ. ಮೂವತ್ತು ಎಲ್ಲಿ ಸರಿಯಾಗುತ್ತದೆಂದು ತೋರಿಸುತ್ತೇನೆ ಎಂದರು ಮೇಷ್ಟ್ರು. ಕೈಕುಲುಕಿದರೆ ಇಬ್ಬರಿಗೂ ಸೇರಿ ಒಂದೇ. ಕೆನ್ನೆಗೆ ಹೊಡೆದರೆ ಹಾಗಲ್ಲ, ಇವನು ಅವನಿಗೆ ಹೊಡೆದದ್ದು ಬೇರೆ, ಅವನು ಇವನಿಗೆ ಹೊಡೆದದ್ದು ಬೇರೆ. ಜೊತೆ ಹದಿನೈದು, ಏಟು ಮೂವತ್ತು. ಪ್ರತಿಯೊಬ್ಬರೂ ಉಳಿದ ಐವರ ಕೆನ್ನೆಗೆ ಹೊಡೆಯಬೇಕು. ತರಗತಿ ಎಣಿಸಬೇಕು.

ಹುಡುಗರು ನಗಲು ನೋಡಿದರು. ಮೊದಲನೆಯವನು ಎರಡನೆಯವನ ಕೆನ್ನೆಯನ್ನು ಸುಮ್ಮನೆ ಮುಟ್ಟಿದ. ಬೆತ್ತ ಅವನ ಮೊಣಕಾಲ ಹಿಂದೆ ಬಿತ್ತು. ಮೆಲ್ಲಗೆ ಹೊಡೆದದ್ದು ಲೆಕ್ಕಕ್ಕಿಲ್ಲ, ಪುನಃ ಹೊಡಿ ಎಂದರು. ಆಮೇಲೆ ನಗು ಇರಲಿಲ್ಲ.

ಹುಡುಗಿಯರೆಂದು ನಮ್ಮನ್ನು ಬಿಡಲಿಲ್ಲ. ಮೊದಲನೆಯವನು ನನ್ನ ಮುಂದೆ ಬಂದಾಗ ಅವನ ಕಣ್ಣಲ್ಲಿ ನೀರಿತ್ತು. ಮೆಲ್ಲಗೆ ಹೊಡೆದ. ಬೆತ್ತ ಬಿತ್ತು, ಇನ್ನೊಮ್ಮೆ ಹೊಡೆದ. ಎರಡನೆಯವನೂ ಹಾಗೆಯೇ. ಎರಡು ಏಟು ಬೀಳಬೇಕಿದ್ದ ನನ್ನ ಕೆನ್ನೆಗೆ ನಾಲ್ಕು ಬಿದ್ದಿದ್ದವು. ನಾನೂ ಹೊಡೆದೆ. ಮೊದಲ ಏಟಿಗೆ ಮುಖ ತಿರುಗಿಸಿಕೊಂಡೆ, ಎರಡನೆಯದಕ್ಕೆ ತಿರುಗಿಸಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ. ತರಗತಿ ಒಂದೇ ದನಿಯಲ್ಲಿ ಎಣಿಸುತ್ತಿತ್ತು, ಮಗ್ಗಿ ಹೇಳುವ ರಾಗದಲ್ಲಿ.

ಒಂಬತ್ತು ಜೊತೆ ಮುಗಿಯಿತು. ಹತ್ತನೆಯದು ನಾನು ಮತ್ತು ಅವಳು. ನೀನು ಮೊದಲು ಎಂದು ಮೇಷ್ಟ್ರು ಅವಳಿಗೆ ಹೇಳಿದರು. ಅವಳು ಮೆಲ್ಲಗೆ ಹೊಡೆಯುತ್ತಾಳೆ, ನಾನೂ ಮೆಲ್ಲಗೆ ಹೊಡೆದರಾಯಿತು, ಬೆತ್ತ ಬಿದ್ದರೆ ಬೀಳಲಿ ಎಂದು ನಾನು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಅವಳು ಕೈ ಎತ್ತಿದ್ದು ಕಂಡಿತು. ಅಷ್ಟು ಜೋರಿನ ಏಟು ಆ ದಿನ ಯಾರೂ ಹೊಡೆದಿರಲಿಲ್ಲ. ಕಣ್ಣು ಕತ್ತಲೆಯಾಯಿತು, ತುಟಿ ಹಲ್ಲಿಗೆ ತಾಗಿ ಬಾಯಲ್ಲಿ ರಕ್ತದ ರುಚಿ. ಬೇರೆ ಯಾರು ಹೊಡೆದಿದ್ದರೂ ತಡೆಯುತ್ತಿದ್ದೆ. ಇವಳು? ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರು ಹೇಳುವ ಮೊದಲೇ ನನ್ನ ಬಲಗೈ ಎದ್ದಿತು. ಕೆನ್ನೆಗಲ್ಲ, ಅವಳ ಎಡಕಿವಿಗೆ ಅಂಗೈ ಕೂತಿತು.

ಅವಳು ಒಂದು ಪಕ್ಕಕ್ಕೆ ವಾಲಿ, ಬೆಂಚಿನ ಅಂಚಿಗೆ ಹಣೆ ಬಡಿದು ಬಿದ್ದಳು. ಕಿವಿಯಿಂದ ಸಣ್ಣದಾಗಿ ರಕ್ತ ಇಳಿಯಿತು. ತರಗತಿ ಇಪ್ಪತ್ತು ಎಂದು ಎಣಿಸಿ ನಿಲ್ಲಿಸಿತು.

ಮೇಷ್ಟ್ರು ಅವಳನ್ನು ಎಬ್ಬಿಸಿ ಕೂರಿಸಲು ಹೇಳಿ, ಮುಂದಿನ ಜೊತೆಯನ್ನು ಕರೆದರು. ಆಗ ಎತ್ತರದ ಹುಡುಗ ಸಾಲು ಬಿಟ್ಟು ಮುಂದೆ ಬಂದ.

“ನೀವೂ ಸೇರಿದ್ರೆ ಏಳು ಜನ ಆಗ್ತದೆ ಸಾರ್,” ಎಂದ. “ಆಗ ಇಪ್ಪತ್ತೊಂದು ಜೊತೆ.”

ದನಿ ಎತ್ತರಿಸಿರಲಿಲ್ಲ. ಅವರ ಕೈಯ ಬೆತ್ತ ಕಿತ್ತುಕೊಂಡು ಕಿಟಕಿಯ ಹೊರಗೆ ಎಸೆದು, ಕೆನ್ನೆಗೆ ಹೊಡೆದ. ಕನ್ನಡಕ ಹಾರಿತು. ಇನ್ನೊಮ್ಮೆ ಹೊಡೆದ. ಮೇಷ್ಟ್ರು ಅವನ ಕೂದಲು ಹಿಡಿದು ಕಪ್ಪುಹಲಗೆಗೆ ತಲೆ ಜಜ್ಜಿದರು. ಹಲಗೆ ಕಾಲು ಮುರಿದು ಇಬ್ಬರ ಮೇಲೂ ಬಿತ್ತು. ಅವನು ಕೆಳಗಿನಿಂದಲೇ ಒದ್ದ, ಅವರು ಅವನ ಎದೆಯ ಮೇಲೆ ಕೂತು ಗುದ್ದಿದರು. ನಾನು ಗೆಳತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಆ ಹೊತ್ತಿನಲ್ಲೂ ನನ್ನ ತಲೆಯೊಳಗೆ ಲೆಕ್ಕ ನಡೆದಿತ್ತು: ಹೊಸಬನೊಬ್ಬ ಬಂದರೆ ಇದ್ದ ಆರು ಮಂದಿಯೊಡನೆ ಆರು ಹೊಸ ಜೊತೆ, ಹದಿನೈದಕ್ಕೆ ಆರು ಸೇರಿದರೆ ಇಪ್ಪತ್ತೊಂದು. ಅವನು ಹೇಳಿದ್ದು ಸರಿ. ಅಷ್ಟು ಹೊತ್ತು ಅರ್ಥವಾಗದ್ದು ಆಗ ಅರ್ಥವಾಯಿತು.

ಹೆಡ್‌ಮಾಸ್ಟರು ಓಡಿಬಂದು ಬಿಡಿಸಿದರು. ಮಕ್ಕಳು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು, ತಡೆಯಲು ಹೋದ ನನ್ನ ಮೇಲೆ ಕೈ ಮಾಡಿದರು ಎಂದರು ಮೇಷ್ಟ್ರು. ಸುಳ್ಳೆಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ, ನನಗೂ ಇಲ್ಲ.

ಮನೆಗೆ ಹೋದಾಗ ಅವ್ವ ಅಂಗಳದಲ್ಲಿ ಕಾಫಿ ಹರಡುತ್ತಿದ್ದಳು. ನನ್ನ ಊದಿದ ಮುಖ ನೋಡಿ, ಯಾರು ಹೊಡೆದದ್ದು ಎಂದು ಕೇಳಿದಳು. ಎಲ್ಲ ಹೇಳಿದೆ. ಕೊನೆಗೆ ಗೆಳತಿಯ ಕಿವಿಗೆ ಹೊಡೆದದ್ದನ್ನೂ ಹೇಳಿದೆ. ಅವ್ವನ ಕೈ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಕೈ ಹಾಗೆಯೇ ಇಳಿಯಿತು.

“ನಡಿ,” ಎಂದಳು. “ಅವರ ಮನೆಗೆ ಹೋಗನ.”

ರೈಟರು ಮಗಳನ್ನು ಆಗಲೇ ಎಸ್ಟೇಟಿನ ಜೀಪಿನಲ್ಲಿ ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದು ವಾಪಸು ಕರೆತಂದಿದ್ದರು. ಕಿವಿಯ ತಮಟೆ ಹರಿದಿದೆ, ಆ ಕಿವಿ ಇನ್ನು ಅಷ್ಟೇ ಎಂದಿದ್ದರಂತೆ ಡಾಕ್ಟರು. ರೈಟರು ನನ್ನನ್ನು ಬೈಯಲಿಲ್ಲ. ಶಾಲೆಗೆ ದೂರು ಕೊಡುವುದಕ್ಕೂ ಒಪ್ಪಲಿಲ್ಲ. ಹೊರಗಿಂದ ಬಂದವರು ನಾವು, ಜಗಳ ನಮಗೆ ಬೇಡ ಎಂದರು. ಅವ್ವನೇ ಮರುದಿನ ನನ್ನ ಕೈಹಿಡಿದು ಹೆಡ್‌ಮಾಸ್ಟರ ಎದುರು ನಿಲ್ಲಿಸಿ, ನಡೆದದ್ದನ್ನು ಹೇಳು ಎಂದಳು. ನಾನು ಹೇಳಿದ ಮೇಲೆ ಸಾಲಿನಲ್ಲಿ ನಿಂತಿದ್ದ ಉಳಿದ ಹುಡುಗರೂ ಬಂದು ಹೇಳಿದರು. ಮೇಷ್ಟ್ರು ಇನ್‌ಸ್ಪೆಕ್ಟರು ಬರುವ ಮೊದಲೇ ಊರು ಬಿಟ್ಟರು. ಎತ್ತರದ ಹುಡುಗನನ್ನೂ ಶಾಲೆ ಉಳಿಸಿಕೊಳ್ಳಲಿಲ್ಲ. ಅವನು ಎರಡು ವರ್ಷ ತೋಟದಲ್ಲಿದ್ದು ಮಿಲಿಟರಿಗೆ ಸೇರಿದ.

ಗೆಳತಿ ತಿಂಗಳಾದ ಮೇಲೆ ಶಾಲೆಗೆ ಬಂದಳು. ಮೊದಲಿನಂತೆಯೇ ಜೊತೆಗೆ ನಡೆದಳು, ಆದರೆ ಆ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ದಾರಿಯಲ್ಲಿ ನಾನೇ ಕೇಳಿದೆ, ಅಷ್ಟು ಜೋರಾಗಿ ಯಾಕೆ ಹೊಡೆದೆ ಎಂದು.

“ಮೆಲ್ಲ ಹೊಡ್ದವರೆಲ್ಲ ನಿಂಗೆ ಎರಡೆರಡು ಸಲ ಹೊಡ್ದ್ರಲ್ಲ,” ಎಂದಳು. “ನಂದು ಒಂದ್ರಲ್ಲೇ ಮುಗೀಲಿ ಅಂತ.”

ನಾನು ಹೊಡೆದದ್ದು ಹಾಗಲ್ಲ, ಸಿಟ್ಟಿನಿಂದ ಹೊಡೆದೆ ಎಂದು ಹೇಳಿದೆ. ಅವಳು ಏನು ಎಂದು ತಿರುಗಿದಳು. ನಾನು ಅವಳ ಎಡಕ್ಕಿದ್ದೆ. ಬಲಕ್ಕೆ ಬಂದು, ಅದೇ ಮಾತನ್ನು ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು.

ಅವಳು ಕೇಳಿಸಿಕೊಂಡಳು. ಗೊತ್ತಿತ್ತು ಎಂದಳು. ಶಾಲೆಯ ಗಂಟೆ ಹೊಡೆಯುತ್ತಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ನಾನು ಅವಳ ಕೈ ಹಿಡಿದು ಓಡಿದೆ.