ಸೇಟು ಕೊಟ್ಟ ಸಾಲ

ಹೋದ ವಾರ ಅಮೀರ್‌ಪೇಟ್ ನಿಲ್ದಾಣದಲ್ಲಿ ಮೆಟ್ರೋ ಬದಲಿಸುವಾಗ, ಮೆಟ್ಟಿಲ ಮೇಲಿನ ನೂಕುನುಗ್ಗಲಿನಲ್ಲಿ ನನ್ನ ಹಿಂದೆ ಯಾರೋ ಲವಂಗ ಜಗಿಯುತ್ತಿದ್ದರು. ಆ ಘಾಟು ಮೂಗಿಗೆ ತಾಕಿದ್ದೇ ತಡ, ತಿರುಗಿ ನೋಡಿಬಿಟ್ಟೆ. ಹೆಗಲಿಗೆ ಬ್ಯಾಗು ಹಾಕಿಕೊಂಡ ಯಾರೋ ಕೋಚಿಂಗ್ ಮೇಷ್ಟ್ರು. ಹಲ್ಲುನೋವಿರಬೇಕು, ಪಾಪ. ನನ್ನ ಮೇಲೆ ನನಗೇ ಸಿಟ್ಟು ಬಂತು. ಬರಲು ಸಾಧ್ಯವೇ ಇಲ್ಲದವರಿಗಾಗಿ ಕತ್ತು ಇನ್ನೂ ತಾನಾಗಿಯೇ ತಿರುಗುತ್ತದಲ್ಲ...

ದವಡೆಯಲ್ಲಿ ಒಂದು ಲವಂಗ ಇಟ್ಟುಕೊಳ್ಳದೆ ಮನೆಯಿಂದ ಹೊರಬೀಳದವರು ಒಂದು ಕಾಲಕ್ಕೆ ನನ್ನ ಗಂಡನಾಗಿದ್ದವರು. ಒಂಬತ್ತು ವರ್ಷ ಸಂಸಾರ ಮಾಡಿ, ಕೋರ್ಟಿನಲ್ಲಿ ಸಹಿ ಹಾಕಿ ಬೇರೆಯಾದೆವು. ಮಕ್ಕಳಿರಲಿಲ್ಲ. ಅವರ ತಂದೆ ರಾಯಚೂರಿನ ಕಡೆಯಿಂದ ಬಂದು ಇಲ್ಲಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದವರು. ಕ್ವಾರ್ಟರ್ಸಿನಲ್ಲಿ ಬೆಳೆದ ಇವರಿಗೆ ಹೊರಗೆ ತೆಲುಗು, ಹಿಂದಿ. ಮನೆಯೊಳಗೆ ನಮ್ಮ ಮಾತು. ಮೂರರಲ್ಲೂ ಸೊಗಸಾಗಿ ಸುಳ್ಳು ಹೇಳುತ್ತಿದ್ದರು. ಕುಡಿತವಿರಲಿಲ್ಲ, ಕೈ ಎತ್ತಿದವರಲ್ಲ. ಚೀಟಿ, ಪ್ಲಾಟು, ಗೆಳೆಯನ ಜೊತೆ ಪಾಲುದಾರಿಕೆ ಎಂದು ದಿನಕ್ಕೊಂದು ಕತೆ ಕಟ್ಟುತ್ತಿದ್ದರು, ಅಷ್ಟೇ. ನನ್ನ ತವರಿನ ಬಳೆಗಳು ಬ್ಯಾಂಕ್ ಲಾಕರಿನಲ್ಲಿವೆ ಎಂದು ಎರಡು ವರ್ಷ ನಂಬಿಸಿದ್ದರು. ಲಾಕರೇ ಇಲ್ಲ ಎಂದು ತಿಳಿದ ದಿನ ನಾನು ಮನೆ ಬಿಟ್ಟೆ.

ಆಮೇಲೆ ಜೀಡಿಮೆಟ್ಲಾದಲ್ಲಿ ಔಷಧಿ ಕಂಪನಿಗಳಿಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುವ ಸಣ್ಣ ಘಟಕ ಶುರು ಮಾಡಿದೆ. ತಗಡಿನ ಶೆಡ್ಡು, ಎರಡು ಹಳೇ ಯಂತ್ರ, ಯಾದಗಿರಿ ಕಡೆಯಿಂದ ದುಡಿಯಲು ಬಂದ ಕೆಲವು ಹೆಣ್ಣುಮಕ್ಕಳು. ಅವರ ಮೇಲ್ವಿಚಾರಣೆಗಿದ್ದ ಹಿರಿಯಳನ್ನು ಎಲ್ಲರೂ ಮೇಸ್ತ್ರಿ ಅವ್ವ ಎನ್ನುತ್ತಿದ್ದೆವು. ನನ್ನ ಮಾಜಿ ಗಂಡ ಮರುಮದುವೆಯಾದ ಸುದ್ದಿ ಯಾರಿಂದಲೋ ಕಿವಿಗೆ ಬಿದ್ದಿತ್ತು. ಒಳ್ಳೆಯದಾಗಲಿ ಅಂದುಕೊಂಡು ಅಂಟು ಕಲಸಲು ಹೋಗಿದ್ದೆ.

ಅವತ್ತು ಜಿಎಸ್‌ಟಿ ಕಟ್ಟಲು ಕೊನೆಯ ದಿನ. ಆ ದುಡ್ಡು ನನ್ನದಾಗಿರಲಿಲ್ಲ. ಕಂಪನಿಯವರು ಬಿಲ್ಲಿನ ಜೊತೆ ತೆರಿಗೆ ಅಂತ ಕೊಟ್ಟಿದ್ದು, ನಾನು ಸರ್ಕಾರಕ್ಕೆ ಮುಟ್ಟಿಸಬೇಕಾದದ್ದು. ಮುಟ್ಟಿಸದಿದ್ದರೆ ದಂಡ ಒಂದು ಕಡೆ, ಕಂಪನಿಯವರು ಮುಂದಿನ ಬಿಲ್ಲನ್ನೇ ತಡೆಹಿಡಿಯುತ್ತಿದ್ದರು. ಆ ಬಿಲ್ಲು ಬಂದರೇ ಹೆಣ್ಣುಮಕ್ಕಳಿಗೆ ಪಗಾರ. ನನ್ನ ತೆರಿಗೆ ನೋಡಿಕೊಳ್ಳುತ್ತಿದ್ದ ಅಕೌಂಟೆಂಟ್ ಬೆಳಿಗ್ಗೆಯಿಂದ ಫೋನ್ ಮಾಡುತ್ತಲೇ ಇದ್ದ. "ಮೇಡಂ, ಸಂಜಿಗೆ ಸರ್ವರ್ ಜಾಮ್ ಆಗ್ತದ. ಈಗಲೇ ಕಟ್ಟಿಬಿಡ್ರಿ."

ಊಟದ ಹೊತ್ತಿಗೆ ತಲೆಯೆತ್ತಿದರೆ ಶೆಡ್ಡಿನ ಬಾಗಿಲಲ್ಲಿ ಅವರು ನಿಂತಿದ್ದರು. ನಾಲ್ಕು ವರ್ಷದ ಮೇಲೆ ನೋಡಿದ್ದು. ಅಂಗಿ ಮುದುಡಿತ್ತು, ಗಡ್ಡ ಬೆಳೆದಿತ್ತು. ಹತ್ತಿರ ಬಂದಾಗ ಲವಂಗದ ವಾಸನೆಯೂ ಇರಲಿಲ್ಲ.

"ಕೂಸು... ದವಾಖಾನ್ಯಾಗ ಐತಿ. ಏಳು ತಿಂಗಳಿಗೇ... ಇವತ್ತು ಕಟ್ಟಲಿಲ್ಲಂದ್ರ ಅವರು..." ಎಂದು ತಡವರಿಸಿದರು. ವಾಕ್ಯ ಮುಗಿಯಲಿಲ್ಲ.

ಎಷ್ಟು ಎಂದು ಕೇಳಿದೆ. ಹೇಳಿದರು. ನನ್ನ ಖಾತೆಯಲ್ಲಿ ತೆರಿಗೆಗೆಂದು ಎತ್ತಿಟ್ಟಿದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಇವರಿಗೆ ಯಾರು ಹೇಳಿದರು? ಯಾವ ದಿನ ನನ್ನ ಹತ್ತಿರ ಎಷ್ಟಿರುತ್ತದೆ ಎಂದು ವಿಚಾರಿಸಿಕೊಂಡೇ ಬಂದರೆ? ಹಳೆಯ ಗಂಡನ ಗುರುತು ನನಗೆ ಚೆನ್ನಾಗಿಯೇ ಇತ್ತು. ಆದರೆ ಆ ಗುರುತೇ ಅಡ್ಡ ಬಂತು. ಸುಳ್ಳು ಹೇಳುವಾಗ ಅವರ ಮಾತು ನೀರು ಹರಿದಂತೆ ಬರುತ್ತಿತ್ತು. ಅವತ್ತು ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ.

ಯಂತ್ರದ ಸದ್ದು ನಿಂತಿತ್ತು. ಹೆಣ್ಣುಮಕ್ಕಳೆಲ್ಲ ಕೈಯಲ್ಲಿ ರೊಟ್ಟಿ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ಮೇಸ್ತ್ರಿ ಅವ್ವ ಎದ್ದು ಬಂದು ಅವರ ಎದುರಿಗೇ ಹೇಳಿದಳು. "ಅಕ್ಕಾರ, ಕೊಡಬ್ಯಾಡ್ರಿ. ನಮ್ಮ ಪಗಾರ ಐತ್ರಿ ಅದ್ರಾಗ."

ಅವರು ತಲೆ ತಗ್ಗಿಸಿದರು. ನಾನು ಬ್ಯಾಗು ಹೆಗಲಿಗೇರಿಸಿ ಅವರ ಕಡೆ ತಿರುಗಿದೆ.

"ನಿಮ್ಮ ಕೈಯಾಗ ಕೊಡಂಗಿಲ್ಲ," ಎಂದೆ. "ನಾನೂ ಬರ್ತೀನಿ. ಖರೇ ಇದ್ರ ಕೌಂಟರ್‌ನ್ಯಾಗ ನಾನೇ ಕಟ್ತೀನಿ. ಸುಳ್ಳಾದ್ರ ಅಲ್ಲೇ ಪೊಲೀಸರನ್ನ ಕರೀತೀನಿ."

"ಕರಿ," ಎಂದರು.

ಆಟೋ ಹತ್ತಿದೆವು. ಪ್ರತಿ ಸಿಗ್ನಲ್ಲಿನಲ್ಲೂ ನಾನು ಕಾಯುತ್ತಿದ್ದೆ. ಈಗ ಆಟೋ ನಿಲ್ಲಿಸಲು ಹೇಳುತ್ತಾರೆ, ಇಲ್ಲೇ ಒಬ್ಬರನ್ನು ಕಂಡು ಬರುತ್ತೇನೆ ಎನ್ನುತ್ತಾರೆ, ಬೇರೆಯದೇ ಕತೆ ಶುರುವಾಗುತ್ತದೆ... ಅವರು ಮೊಣಕಾಲ ಮೇಲೆ ಮುಷ್ಟಿ ಬಿಗಿದು ರಸ್ತೆಯನ್ನೇ ನೋಡುತ್ತಿದ್ದರು. ತೊಡೆಯ ಮೇಲಿಟ್ಟ ನನ್ನ ಫೋನು ಗುರ್‌ಗುಟ್ಟುತ್ತಲೇ ಇತ್ತು. ಅಕೌಂಟೆಂಟ್. ಎತ್ತಲಿಲ್ಲ.

ಆಸ್ಪತ್ರೆಯ ಕೌಂಟರಿನ ಹುಡುಗಿ ಅವರನ್ನು ಕಂಡಕೂಡಲೇ ಗುರುತಿಸಿದಳು. ಹಣ ತಂದಿರಾ ಎಂದು ತೆಲುಗಿನಲ್ಲಿ ಕೇಳಿ, ಕಂಪ್ಯೂಟರಿನಲ್ಲಿ ಹೆಂಡತಿಯ ಹೆಸರು ತೆಗೆದಳು. ಮೊತ್ತ ಅವರು ಹೇಳಿದಷ್ಟೇ ಇತ್ತು. ಸುಳ್ಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಬಾಯಿತುಂಬ ಬೈದು, ದುಡ್ಡು ಉಳಿಸಿಕೊಂಡು, ಸಂಜೆಯೊಳಗೆ ತೆರಿಗೆ ಕಟ್ಟಿ ನೆಮ್ಮದಿಯಾಗಿರುತ್ತಿದ್ದೆ. ಎಲ್ಲವೂ ಖರೆಯಾಗಿತ್ತು. ಕಾರ್ಡಿನ ಪಿನ್ ಮೊದಲ ಸಲ ತಪ್ಪು ಒತ್ತಿದೆ. ಎರಡನೇ ಸಲಕ್ಕೆ ಹೋಯಿತು.

ಅವರು ಗೋಡೆಗೆ ಆತು ನಿಂತರು. "ಮ್ಯಾಲ ಐತಿ ಕೂಸು. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ನೋಡ್ತೀಯೇನು?" ಎಂದರು.

"ಬ್ಯಾಡ."

"ಮುಂದಿನ ಶುಕ್ರವಾರ ನಿನ್ನ ದುಡ್ಡು ಪೂರಾ ತಂದು ಕೊಡ್ತೀನಿ. ಒಬ್ಬರ ಕಡೆಯಿಂದ ಬರೋದೈತಿ, ಮಾತಾಡೀನಿ, ನೀ ಚಿಂತಿ ಮಾಡಬ್ಯಾಡ." ಈ ಮಾತು ಎಲ್ಲಿಯೂ ತಡವರಿಸದೆ ಬಂತು. ಶುಕ್ರವಾರ ದುಡ್ಡು ಬರುವುದಿಲ್ಲ ಎಂದು ಅಲ್ಲೇ ತಿಳಿಯಿತು.

ಬರಲಿಲ್ಲ. ಅವರ ಫೋನು ಬಂದ್. ತೆರಿಗೆ ತಡವಾಯಿತು, ಬಡ್ಡಿ ಬಿತ್ತು, ನಾನು ಹೆದರಿದಂತೆಯೇ ಕಂಪನಿಯವರು ಬಿಲ್ಲು ತಡೆಹಿಡಿದರು. ಕೊರಳ ಸರ ಅಡವಿಟ್ಟು ಪಗಾರ ಕೊಡುವಷ್ಟರಲ್ಲಿ ಇಬ್ಬರು ಹುಡುಗಿಯರು ಪಕ್ಕದ ಶೆಡ್ಡಿಗೆ ಹೋಗಿಬಿಟ್ಟಿದ್ದರು. ಮೇಸ್ತ್ರಿ ಅವ್ವ ಹೋಗಲಿಲ್ಲ. ಆದರೆ ಎಷ್ಟೋ ದಿನ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಒಮ್ಮೆ ಮಾತ್ರ, ಪೆಟ್ಟಿಗೆ ಎಣಿಸುತ್ತ, "ಕೂಸು ಉಳೀತೇನ್ರಿ?" ಎಂದಳು. ಗೊತ್ತಿಲ್ಲ ಎಂದೆ. ನನ್ನನ್ನು ವಿಚಿತ್ರವಾಗಿ ನೋಡಿದಳು.

ಹಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಫೋನಿಗೆ ಸಣ್ಣ ಮೊತ್ತವೊಂದು ಬಂದು ಬಿತ್ತು. ಅವರ ಹೆಸರಿನಿಂದ. ಮಾತಿಲ್ಲ, ಸಂದೇಶವಿಲ್ಲ. ಮರುತಿಂಗಳು ಮತ್ತೊಂದು. ಮಣಿಕೊಂಡದ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದಾರೆ ಎಂದು ಯಾರೋ ಹೇಳಿದರು. ದುಡ್ಡು ಬರುತ್ತಿದೆ ಅಂದಮೇಲೆ ಕೂಸೂ ಉಳಿದಿರಬೇಕು ಎಂದು ನಾನೇ ಲೆಕ್ಕ ಹಾಕಿಕೊಂಡೆ. ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೆ ತಪ್ಪದೆ ಬಂತು. ಸಂಸಾರದಲ್ಲಿದ್ದಾಗ ಒಂದು ತಿಂಗಳೂ ಮಾತು ಉಳಿಸಿಕೊಳ್ಳದ ಮನುಷ್ಯ...

ಆಮೇಲೆ, ಸಾಲ ತೀರುವ ಮೊದಲೇ, ನಿಂತಿತು. ಒಂದು ತಿಂಗಳು ನೋಡಿದೆ, ಎರಡನೆಯ ತಿಂಗಳು ಸಿಟ್ಟು ಬಂತು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ಬೈಯಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡು, ದುಡ್ಡು ಬರುತ್ತಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಹೆಂಗಸಿನ ದನಿ.

"ಅವರು ಅದಾರೇನು?"

"ಅವರು ಇಲ್ರಿ."

"ಯಾವಾಗ ಬರ್ತಾರ?" ನನ್ನ ದನಿ ಗಡುಸಾಗಿಯೇ ಇತ್ತು.

ಆಕೆಯ ಹಿಂದೆ ಎಲ್ಲೋ ಕುಕ್ಕರ್ ಕೂಗಿತು. ಆಮೇಲೆ ಆಕೆ, "ಹೋಗಿಬಿಟ್ರು ರೀ. ಡ್ಯೂಟಿ ಮ್ಯಾಲೇ ಎದಿ ಹಿಡಕೊಂಡು ಕುಂತ್ರಂತ. ತಿಂಗಳ ಮ್ಯಾಲಾತು," ಎಂದಳು. ನಾನು ರಾಶಿ ಹಾಕಿದ್ದ ರಟ್ಟಿನ ಮೇಲೆ ಕುಳಿತೆ.

"ಸೇಟುಗೋಳ ಮನಿಯಿಂದೇನ್ರಿ?" ಎಂದು ಆಕೆಯೇ ಕೇಳಿದಳು. "ಫೋನಿನ್ಯಾಗ 'ಸೇಟು, ಜೀಡಿಮೆಟ್ಲಾ' ಅಂತ ಐತ್ರಿ. ನನ್ನ ಹೆರಿಗಿ ಟೈಮಿಗೆ ಸೇಟು ಸಾಲ ಕೊಟ್ಟಿದ್ರು ಅಂತಿದ್ರು. ಭಾಳ ದೊಡ್ಡ ಮನಸಿನವ್ರಂತ. ಯಾರಿಗೆ ಕೇಳಬೇಕು ತಿಳೀಲಿಲ್ರಿ... ಬಾಕಿ ಎಷ್ಟೈತ್ರಿ?"

ಆಕೆಗೂ ಒಂದು ಕತೆ ಹೇಳಿದ್ದರು. ಅದರಲ್ಲಿ ನನ್ನನ್ನು ಸೇಟು ಮಾಡಿಟ್ಟಿದ್ದರು.

"ಹೌದವಾ, ಸೇಟುಗೋಳ ಮನಿಯಿಂದ," ಎಂದೆ. "ಎಲ್ಲಾ ಮುಟ್ಟೈತಿ. ಬಾಕಿ ಏನಿಲ್ಲ. ಅದನ್ನ ಹೇಳಾಕೇ ಮಾಡೀನಿ."

ಆಕೆ ಅಳತೊಡಗಿದಳು. ಸಮಾಧಾನ ಹೇಳಿ ಇಟ್ಟುಬಿಟ್ಟೆ. ಮೇಸ್ತ್ರಿ ಅವ್ವ ದೂರದಿಂದಲೇ ನನ್ನ ಮುಖ ನೋಡಿ ಹುಡುಗಿಯರನ್ನು ಬೇಗ ಮನೆಗೆ ಕಳಿಸಿದಳು.

ಸಾವಾದ ಮನೆಗೆ ಬರುವಂತೆ ನನ್ನನ್ನು ಯಾರೂ ಮಾತಾಡಿಸಲು ಬರಲಿಲ್ಲ. ಬರುವುದಾದರೂ ಹೇಗೆ? ಹೋದವರಿಗೆ ನಾನು ಏನೂ ಆಗಿರಲಿಲ್ಲ. ಮರುದಿನ ಎಂದಿನಂತೆ ಶೆಡ್ಡಿನ ಬೀಗ ತೆಗೆದೆ. ಇದೆಲ್ಲ ಆಗಿ ಈಗ ವರ್ಷಗಳೇ ಕಳೆದವು. ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಜೋಡಿಸಿಟ್ಟುಕೊಂಡ ಬೈಗುಳಕ್ಕೆ ಈಗ ಕೇಳುವವರಿಲ್ಲ. ಅದನ್ನು ಬೇರೆ ಯಾರ ಮೇಲೂ ಬಳಸಲು ಬರುವುದಿಲ್ಲ.

ಆ ಕೂಸು ಶಾಲೆಗೆ ಹೋಗುತ್ತಿರಬೇಕು. ಹೆಣ್ಣೋ ಗಂಡೋ ಅಂತ ನಾನು ಅವತ್ತು ಕೇಳಲೇ ಇಲ್ಲ. ಫೋನಿನಲ್ಲಿ ಆಕೆಯನ್ನಾದರೂ ಕೇಳಬಹುದಿತ್ತು. ಸೇಟುಗಳ ಮನೆಯವರು ಅದನ್ನೆಲ್ಲ ಕೇಳುವುದಿಲ್ಲ.