ಮೂವತ್ತಕ್ಕೆ ನಿಂತ ಕೈ

ಕಳೆದ ವಾರ ಗ್ಯಾರೇಜಿನ ಕಪಾಟು ಖಾಲಿ ಮಾಡುವಾಗ ನನ್ನ ಹಳೆಯ ಚೌಕುಳಿ ಟವೆಲ್ ಕೈಗೆ ಸಿಕ್ಕಿತು. ಮೈಸೂರಿನಿಂದ ತಂದ ತೆಳು ಹತ್ತಿಯದು. ಒಂದು ತುದಿ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ನೂಲಿನ ಸಂದಿಯಲ್ಲಿ ಇನ್ನೂ ಸೀಮೆಸುಣ್ಣದ ಬಿಳುಪಿತ್ತು. ಮೂಗಿಗೆ ಹಿಡಿದೆ. ನೋವಿನ ಮುಲಾಮಿನ ವಾಸನೆ... ಇಷ್ಟು ವರ್ಷ ಉಳಿದಿರಲಾರದು, ಆದರೂ ನನಗೆ ಬಂತು.

ಅದನ್ನು ಬೀಸುತ್ತಿದ್ದವನು ಅಮೆರಿಕದ ಈ ಲಿನ್‌ವುಡ್ಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕನ್ನಡದವರ ಮಗ. ಇಲ್ಲಿಯೇ ಹುಟ್ಟಿದವನು, ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುತ್ತಿದ್ದವನು. ಇಂದು ಆ ಆಟದ ಅತಿ ಮೇಲಿನ ಹಂತವಾದ ಮೇಜರ್ ಲೀಗಿನಲ್ಲಿ ಆಡುತ್ತಾನೆ. ಹಗಲಿರುಳು ಎಸೆದು ಎಸೆದು ಮೇಲೆ ಬಂದನೆಂದು ಟೀವಿಯವರು ಹೇಳುತ್ತಾರೆ. ನಮ್ಮ ಕನ್ನಡದ ಜನರೂ ಅದನ್ನೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಕಾಲೇಜಿನ ಕೊನೆಯ ವರ್ಷ ಅವನ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡ ದಿನ ಅವನ ಹೆಸರನ್ನು ಯಾರೂ ಕೂಗಲಿಲ್ಲ. ತಂದೆ ಒಂದು ವರ್ಷದ ಗಡುವು ಕೊಟ್ಟರು. ಅಷ್ಟರಲ್ಲಿ ಯಾವ ತಂಡವೂ ಕರೆಯದಿದ್ದರೆ ಆಟ ಬಿಟ್ಟು ಮುಂದಿನ ಓದಿಗೆ ಸೇರಬೇಕು. ಚೆಂಡು ಮುಟ್ಟಲು ಇನ್ನೂ ಅಪ್ಪಣೆಯಿರಲಿಲ್ಲ. ಟವೆಲ್ ಹಿಡಿದು, ಚೆಂಡೆಸೆಯುವಂತೆಯೇ ತೋಳು ಬೀಸಬೇಕು, ದಿನಕ್ಕೆ ಮೂವತ್ತು ಸಲ ಎಂದು ಆಸ್ಪತ್ರೆಯ ಚೀಟಿ. ಅವರ ಮನೆಯ ಟವೆಲುಗಳು ದಪ್ಪ, ಕೈಗೆ ಭಾರ. ನನ್ನದನ್ನು ಕೊಟ್ಟೆ. ಜಾಗವೂ ನನ್ನ ಗ್ಯಾರೇಜೇ ಆಯಿತು.

ನಾನು ವಿಮಾನದ ಬಿಡಿಭಾಗಗಳನ್ನು ಲೇತ್ ಯಂತ್ರದಲ್ಲಿ ಕಡೆದು ಬದುಕಿದವನು, ಓದಿದ್ದೆಲ್ಲ ಗ್ರಂಥಾಲಯದಲ್ಲಿ. ಮರದ ಕುರ್ಚಿಯೊಂದರ ಬೆನ್ನಿಗೆ ಸೀಮೆಸುಣ್ಣದಿಂದ ಚಿಕ್ಕ ಗುರುತು ಹಾಕಿದೆ. ಟವೆಲಿನ ತುದಿ ಪ್ರತಿ ಸಲವೂ ಅಲ್ಲಿಯೇ ತಾಗಬೇಕು.

"ತಾತ, ನೀನು ಅಲ್ಲಿ ಕೂತ್ಕೊ. ನನ್ನ ಎಲ್ಬೋ ನೋಡು, ಫೇಸ್ ನೋಡ್ಬೇಡ," ಎನ್ನುತ್ತಿದ್ದ.

"ನಿನ್ ಮುಖದಲ್ಲಿ ನೋಡೋಕೆ ಏನಿದೆಯೋ," ಎನ್ನುತ್ತಿದ್ದೆ ನಾನು.

ಮನೆಯವರು ತನಗೆ ಹೇಳುವ 'ನೀನು' ಎಂಬುದನ್ನೇ ಅವನು ಎಲ್ಲರಿಗೂ ಹೇಳುತ್ತಿದ್ದ. ಅವನ ಕಿವಿಗೆ ಬಿದ್ದ ಕನ್ನಡವೇ ಅಷ್ಟು. ಅವನ ತಾಯಿ ಸಂಕೋಚದಿಂದ, "ದೊಡ್ಡೋರಿಗೆ ನೀವು ಅನ್ಬೇಕು ಕಣೋ," ಎಂದರೆ, "ಬಿಡಮ್ಮ, ಅವನ ಕನ್ನಡ ಅವನದು," ಎಂದು ನಾನೇ ತಡೆಯುತ್ತಿದ್ದೆ.

ಗಡುವು ಅರ್ಧ ಕಳೆದಿತ್ತು. ಒಂದು ಸಂಜೆ, ಹೊರಗೆ ಜಿನುಗು ಮಳೆ, ಮೂವತ್ತೂ ಬೀಸು ಗುರುತಿಗೇ ಬಿದ್ದವು. ನನಗೇ ತಡೆಯಲಾಗಲಿಲ್ಲ. "ಇವತ್ತು ಕೈ ಚೆನ್ನಾಗಿ ಕೂತಿದೆ, ಇನ್ನೊಂದು ಹತ್ತು ಬೀಸು," ಎಂದೆ. ಅವನು ಟವೆಲನ್ನು ಮಡಿಸಿ ಕುರ್ಚಿಯ ಮೇಲಿಟ್ಟ.

"ಬೇಡ ತಾತ. ಥರ್ಟಿ ಆಯ್ತು. ನೀನು ಕಾಫಿ ಮಾಡು."

ಅವನ ಕಣ್ಣು ಇನ್ನೂ ಕುರ್ಚಿಯ ಗುರುತಿನ ಮೇಲೆಯೇ ಇತ್ತು. ಇನ್ನೂ ಬೀಸಬೇಕೆಂಬ ಆಸೆ ನನಗಿಂತ ಅವನಿಗೇ ಹೆಚ್ಚಿತ್ತು. ಮುಂದೆ ಚೆಂಡು ಹಿಡಿದಾಗಲೂ ಚೀಟಿಯಲ್ಲಿದ್ದುದಕ್ಕಿಂತ ಒಂದೆಸೆತ ಹೆಚ್ಚು ಎಸೆಯಲಿಲ್ಲ. ಅಂಥ ಸಂಯಮವನ್ನು ನಾನು ನುರಿತ ಕೆಲಸಗಾರರಲ್ಲಿಯೂ ಅಪರೂಪಕ್ಕೆ ಕಂಡಿದ್ದೇನೆ. ಗಡುವಿಗೆ ಒಂಬತ್ತು ದಿನ ಉಳಿದಿದ್ದಾಗ ತಂಡವೊಂದು ಅವನನ್ನು ಪರೀಕ್ಷಿಸಿ, ತನ್ನ ಕೆಳಹಂತದ ಲೀಗಿಗೆ ಸೇರಿಸಿಕೊಂಡಿತು. ಮೂರು ಬೇಸಿಗೆ ಸಣ್ಣ ಊರುಗಳಲ್ಲಿ, ಬಸ್ಸುಗಳಲ್ಲಿ ಕಳೆದು, ನಾಲ್ಕನೆಯದರಲ್ಲಿ ಮೇಲಕ್ಕೆ ಹೋದ. ಅವನ ತಂದೆತಾಯಿ ಮನೆ ಮಾರಿ ಅವನಿರುವ ಊರಿಗೆ ಹೋದರು.

ಹೋದ ಬೇಸಿಗೆ ಅವನ ತಂಡ ಸಿಯಾಟಲಿಗೆ ಆಡಲು ಬಂದಾಗ ರೈಲು ಹಿಡಿದು ಹೋದೆ. ಅವನು ಮೈದಾನಕ್ಕಿಳಿದು, ಮೂವರು ದಾಂಡಿಗರನ್ನು ಒಬ್ಬರ ಹಿಂದೊಬ್ಬರಂತೆ ಔಟ್ ಮಾಡಿದ. ಕುರ್ಚಿಯ ಮೇಲಿನ ಗುರುತು ನನ್ನ ಕಣ್ಣಿಗೆ ಅಲ್ಲಿಯೂ ಕಾಣುತ್ತಿತ್ತು... ಆಟ ಮುಗಿದ ಮೇಲೆ ಬೇಲಿಯ ಬಳಿ ಬಂದು ಕೈಮುಗಿದ.

"ತಾತ, ನೀವು ಬಂದಿದ್ದು ತುಂಬಾ ಸಂತೋಷ. ಆರೋಗ್ಯ ನೋಡ್ಕೊಳ್ಳಿ."

ಎಲ್ಲಿಯೂ ತಪ್ಪಿಲ್ಲದ ಕನ್ನಡ. ಯಾರು ತಿದ್ದಿದರೋ... ಒಳ್ಳೆಯದನ್ನೇ ಮಾಡಿದ್ದಾರೆ. ನಾನೂ 'ಆಗಲಿ' ಎಂದು ತಲೆಯಾಡಿಸಿದೆ.

ಕಳೆದ ವಾರ ಕಪಾಟಿನಲ್ಲಿ ಸಿಕ್ಕ ಆ ಟವೆಲನ್ನು ಮಡಿಸಿ ಅದೇ ಕುರ್ಚಿಯ ಮೇಲಿಟ್ಟು ಒಳಗೆ ಬಂದೆ. ಯಾರೂ ಹೇಳದೆಯೇ ಕಾಫಿ ಮಾಡಿಕೊಂಡೆ.